ಡಾಂಬರಿಗೂ ಕೆಸರಿಗೂ ಒಂದೇ ಗಾಡಿ: ದೊಡ್ಡ ಡ್ಯುಯಲ್-ಸ್ಪೋರ್ಟ್ ಬೈಕ್ ಆರಿಸುವ ಬಗೆ

ಡ್ಯುಯಲ್-ಸ್ಪೋರ್ಟ್ ಬೈಕ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎಷ್ಟು ಸಿಸಿ, ಎಷ್ಟು ಪವರ್ ಎಂಬಲ್ಲಿಂದ ಶುರುಮಾಡುತ್ತಾರೆ. ಹೆದ್ದಾರಿಗೆ ಆ ಲೆಕ್ಕ ಸರಿ. ಡಾಂಬರು ಮುಗಿದ ಮೇಲೆ ಅದು ತಲೆಕೆಳಗಾಗುತ್ತದೆ. ಅಲ್ಲಿ ಮೊದಲು ನೋಡಬೇಕಾದದ್ದು ತೂಕ, ಆಮೇಲೆ ಸೀಟಿನ ಎತ್ತರ, ಚಕ್ರ, ಸಸ್ಪೆನ್ಷನ್, ಪವರ್ ಕೊನೆಗೆ. ಕೆಸರಿನಲ್ಲಿ 40 ಪಿಎಸ್ (ಅಶ್ವಶಕ್ತಿ) ಪೂರ್ತಿ ಬಳಸಬಲ್ಲವರೇ ಕಡಿಮೆ, 100 ಪಿಎಸ್ ಮಾತು ಹಾಗಿರಲಿ.

ನಿಮ್ಮ ದಾರಿಯ ಲೆಕ್ಕ ಬರೆಯಿರಿ

ಶೋರೂಮಿಗೆ ಹೋಗುವ ಮೊದಲು ಕಳೆದ ಒಂದು ವರ್ಷ ನೀವು ನಿಜವಾಗಿ ಓಡಿಸಿದ ದಾರಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮುಂದೆ ಓಡಿಸಬೇಕೆಂದಿರುವ ಲಡಾಖ್ ಬೇಡ, ಓಡಿಸಿದ್ದು ಮಾತ್ರ. ಹೆದ್ದಾರಿ ಎಷ್ಟು, ಊರೊಳಗಿನ ಟ್ರಾಫಿಕ್ ಎಷ್ಟು, ಗುಂಡಿ ಬಿದ್ದ ಘಾಟಿ ರಸ್ತೆ ಎಷ್ಟು, ನಿಜವಾದ ಮಣ್ಣಿನ ದಾರಿ ಎಷ್ಟು ಎಂದು ನಾಲ್ಕು ಪಾಲು ಮಾಡಿ. ಮಣ್ಣಿನ ಪಾಲು ಹತ್ತರಲ್ಲಿ ಒಂದನ್ನೂ ಮುಟ್ಟದಿದ್ದರೆ 19 ಇಂಚಿನ ಮುಂಚಕ್ರದ, ಅಲಾಯ್ ರಿಮ್ಮಿನ ಟೂರಿಂಗ್ ಬೈಕೇ ನಿಮಗೆ ಸುಖ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮಣ್ಣು ಎಂದರೂ ಎಲ್ಲ ಮಣ್ಣೂ ಒಂದಲ್ಲ. ಮಲೆನಾಡಿನ ಜಂಬಿಟ್ಟಿಗೆಯ ಕೆಂಪು ದಾರಿ ಬೇಸಿಗೆಯಲ್ಲಿ ಗಟ್ಟಿ, ಮೇಲೆ ಸಣ್ಣ ಗುಂಡುಕಲ್ಲು. ಮಳೆಗಾಲದಲ್ಲಿ ಪಾಚಿ ಕಟ್ಟಿ ಸೋಪಿನಷ್ಟು ಜಾರು. ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನದು ಬೇರೆಯೇ ಕಾಟ. ನೆನೆದರೆ ಟೈರಿಗೆ ಮೆತ್ತಿಕೊಂಡು, ಮಡ್‌ಗಾರ್ಡ್‌ಗೂ ಟೈರಿಗೂ ನಡುವೆ ತುಂಬಿ, ನೂರು ಮೀಟರ್ ಹೋಗುವಷ್ಟರಲ್ಲಿ ಮುಂಚಕ್ರ ತಿರುಗುವುದೇ ನಿಲ್ಲುತ್ತದೆ. ಆ ಕಡೆಯವರು ಟೈರಿನ ಮೇಲೆ ಎರಡು-ಮೂರು ಬೆರಳು ಆರಾಮವಾಗಿ ತೂರುವಷ್ಟು ಸಂದು ಇದೆಯೇ, ಕೆಳ ಮಡ್‌ಗಾರ್ಡ್ ಬಿಚ್ಚಲು ಎಷ್ಟು ಬೋಲ್ಟ್ ಎಂದು ಶೋರೂಮಿನಲ್ಲೇ ಬಗ್ಗಿ ನೋಡಬೇಕು. ಬ್ರೋಶರಿನಲ್ಲಿ ಇದು ಸಿಗುವುದಿಲ್ಲ.

ತೂಕ

ಈಗ ಭಾರತದಲ್ಲಿ ಸಿಗುವ ಗಾಡಿಗಳನ್ನು ತೂಕದ ಮೇಲೆ ಸಾಲಾಗಿ ನಿಲ್ಲಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕವಾಸಾಕಿ ಕೆಎಲ್ಎಕ್ಸ್ 230 ಸುಮಾರು 139 ಕೆಜಿ. ಹೀರೋ ಎಕ್ಸ್‌ಪಲ್ಸ್ 210 ಸುಮಾರು 170. ಕೆಟಿಎಂ 390 ಅಡ್ವೆಂಚರ್ 183ರ ಆಸುಪಾಸು. 2023ರ ನವೆಂಬರಿನಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 196 ಕೆಜಿ. ಹೋಂಡಾ ಎಕ್ಸ್ಎಲ್ 750 ಟ್ರಾನ್ಸಾಲ್ಪ್ 208. ಟ್ರಯಂಫ್ ಟೈಗರ್ 900 ರ‍್ಯಾಲಿ ಪ್ರೊ 228, ಸುಜುಕಿ ವಿ-ಸ್ಟ್ರಾಮ್ 800ಡಿಇ 230, ಬಿಎಂಡಬ್ಲ್ಯೂ ಆರ್ 1300 ಜಿಎಸ್ 237.

ಇಲ್ಲೊಂದು ಗಮನಿಸಬೇಕಾದ ಅಂಶ: ಹಿಮಾಲಯನ್‌ಗೂ ಟ್ರಾನ್ಸಾಲ್ಪ್‌ಗೂ ನಡುವೆ 12 ಕೆಜಿ ಮಾತ್ರ ವ್ಯತ್ಯಾಸ, ಪವರ್ ಮಾತ್ರ 40 ಪಿಎಸ್‌ನಿಂದ 92ರ ಹತ್ತಿರಕ್ಕೆ ಜಿಗಿಯುತ್ತದೆ. ಹಾಗಾಗಿ ದೊಡ್ಡ ಇಂಜಿನ್ ಎಂದರೆ ಯಾವಾಗಲೂ ಹೆಣಭಾರ ಎಂದೇನಿಲ್ಲ. ಆದರೆ ಬಿದ್ದಾಗ ಒಡೆಯುವ ಬಿಡಿಭಾಗದ ಬೆಲೆ ಬೇರೆ, ಅದು ಬರಲು ಹಿಡಿಯುವ ದಿನಗಳೂ ಬೇರೆ.

ಹೋಲಿಸುವಾಗ ಕರ್ಬ್ ವೇಟ್ (ಪೆಟ್ರೋಲ್, ಆಯಿಲ್ ತುಂಬಿದ ಗಾಡಿಯ ತೂಕ) ಅನ್ನು ಕರ್ಬ್ ವೇಟ್ ಜೊತೆಗೇ ಇಟ್ಟು ನೋಡಿ. ಕೆಲವು ಕಂಪನಿಗಳು ಡ್ರೈ ವೇಟ್ ಎಂದು ಪೆಟ್ರೋಲ್, ಆಯಿಲ್ ಎಲ್ಲ ಕಳೆದ ಅಂಕಿ ಕೊಡುತ್ತವೆ. ಪೆಟ್ರೋಲ್ ಒಂದೇ ಲೀಟರಿಗೆ ಮುಕ್ಕಾಲು ಕೆಜಿ ತೂಗುತ್ತದೆ. 20 ಲೀಟರ್ ಟ್ಯಾಂಕೆಂದರೆ 15 ಕೆಜಿ, ಅದೂ ಎದೆಯ ಮಟ್ಟದಲ್ಲಿ. ಇದರ ಮೇಲೆ ಬ್ಯಾಶ್ ಪ್ಲೇಟ್ (ಇಂಜಿನ್ ಅಡಿಯ ರಕ್ಷಣೆಯ ತಟ್ಟೆ), ಕ್ರ್ಯಾಶ್ ಗಾರ್ಡ್, ರ‍್ಯಾಕ್ ಸೇರಿ ಇನ್ನೊಂದು 10–15 ಕೆಜಿ, ಲಗೇಜು 20. 208ರ ಗಾಡಿ 240 ದಾಟುವುದು ಹೀಗೆ.

ಬಿದ್ದ ಗಾಡಿ ಎತ್ತಬಲ್ಲಿರಾ?

ಆಫ್‌ರೋಡ್ ಎಂದ ಮೇಲೆ ಬೀಳುವುದು ಇದ್ದದ್ದೇ. ಶೋರೂಮಿನಲ್ಲಿ ಗಾಡಿ ಕೆಡವಿ ನೋಡಲು ಬಿಡುವುದಿಲ್ಲ, ಆದರೆ ಈ ಪರೀಕ್ಷೆಗೆ ಯಾರೂ ಬೇಡ ಅನ್ನುವುದಿಲ್ಲ: ಗಾಡಿಯ ಎಡಕ್ಕೆ ನಿಂತು, ಆಚೆ ಬದಿಯಲ್ಲಿ ಒಬ್ಬರನ್ನು ನಿಲ್ಲಿಸಿ, ಸ್ಟ್ಯಾಂಡ್ ತೆಗೆದು, ನಿಮ್ಮ ಕಡೆಗೆ ನಿಧಾನ ವಾಲಿಸಿ. ಒಂದು ಹಂತದಲ್ಲಿ ಭಾರ ಇದ್ದಕ್ಕಿದ್ದಂತೆ ಕೈಗೆ ಬಂದು ಕೂರುತ್ತದೆ. ಅಲ್ಲಿಂದ ವಾಪಸ್ ನೆಟ್ಟಗೆ ಮಾಡಲು ನೀವು ಹಲ್ಲು ಕಚ್ಚಬೇಕಾದರೆ, ನಾಲ್ಕು ಗಂಟೆ ಕೆಸರಿನಲ್ಲಿ ಒದ್ದಾಡಿದ ಮೇಲೆ ಅದು ಸಾಧ್ಯವೇ ಇಲ್ಲ.

ಪೂರ್ತಿ ಮಲಗಿದ ಗಾಡಿ ಎತ್ತುವ ಕ್ರಮ ಇದು. ಮೊದಲು ಕಿಲ್ ಸ್ವಿಚ್ ಆಫ್. ಗೇರಿನಲ್ಲಿರಲಿ, ಇಲ್ಲದಿದ್ದರೆ ಎತ್ತುವಾಗ ಉರುಳುತ್ತದೆ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಹೊರಕ್ಕೆ ಚಾಚಿಡಿ. ಮರೆತರೆ ಎತ್ತಿದ ಗಾಡಿ ಆಚೆ ಬದಿಗೆ ಬೀಳುತ್ತದೆ. ಕೆಳಗಿರುವ ಹಿಡಿ ಟ್ಯಾಂಕಿನ ಹತ್ತಿರ ಬರುವಂತೆ ಹ್ಯಾಂಡಲ್ ಪೂರ್ತಿ ತಿರುಗಿಸಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಆ ಹಿಡಿ, ಇನ್ನೊಂದರಲ್ಲಿ ಗ್ರ್ಯಾಬ್ ರೈಲ್ ಅಥವಾ ಫ್ರೇಮಿನ ಗಟ್ಟಿ ಭಾಗ ಹಿಡಿದು, ಸೊಂಟದ ಬಲ ಹಾಕದೆ ತೊಡೆಯ ಬಲದಲ್ಲಿ ಸಣ್ಣ ಹೆಜ್ಜೆ ಇಡುತ್ತಾ ಹಿಂದಕ್ಕೆ ನಡೆಯಿರಿ. ಮುಂದಕ್ಕೆ ಬಗ್ಗಿ ಎತ್ತಿದರೆ ನಡು ಹಿಡಿಯುವುದು ಗ್ಯಾರಂಟಿ.

ಸೀಟಿನ ಎತ್ತರ

ಹಿಮಾಲಯನ್ 450ರ ಸೀಟು 825ರಿಂದ 845 ಮಿ.ಮೀ., ಟ್ರಾನ್ಸಾಲ್ಪ್ 850, ವಿ-ಸ್ಟ್ರಾಮ್ 800ಡಿಇ 855, ಟೈಗರ್ ರ‍್ಯಾಲಿ ಪ್ರೊ 860–880. ಈ ಅಂಕಿ ಅರ್ಧ ಸತ್ಯ. ಸೀಟು ಅಗಲವಿದ್ದರೆ ಕಾಲು ಹೊರಕ್ಕೆ ಚಾಚಿ ನೆಲ ದೂರವಾಗುತ್ತದೆ. ಸಪೂರವಿದ್ದರೆ 860 ಕೂಡ ಹತ್ತಿರ. ಬೂಟು ಹಾಕಿ, ಕೂತು, ಸಸ್ಪೆನ್ಷನ್ ಒತ್ತಿ ಕೆಳಗಿಳಿದ ಮೇಲೆ ನೋಡಿ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕೆಂದಿಲ್ಲ. ಒಂದು ಪಾದ ಪೂರ್ತಿ ಅಥವಾ ಎರಡೂ ಪಾದದ ಮುಂಭಾಗ ಊರಿದರೆ ಸಾಕು. ಆದರೆ ಇಳಿಜಾರಿನಲ್ಲಿ ಗುಂಡಿಯ ಕಡೆ ಕಾಲು ಊರಬೇಕಾದಾಗ ಇರುವ ಎತ್ತರದ ಮೇಲೆ ಇನ್ನೊಂದು ನಾಲ್ಕು ಇಂಚು ಸೇರುತ್ತದೆ ಎಂಬುದು ತಲೆಯಲ್ಲಿರಲಿ.

ಎತ್ತರ ಸ್ವಲ್ಪ ಜಾಸ್ತಿಯಾದರೆ ಮೊದಲು ಕಂಪನಿಯ ಲೋ ಸೀಟ್ ಹಾಕಿ. ಹಿಂದಿನ ಸಸ್ಪೆನ್ಷನ್ನಿನ ಕೊಂಡಿ ಬದಲಿಸಿ ಗಾಡಿ ತಗ್ಗಿಸುವ ಲೋವರಿಂಗ್ ಲಿಂಕ್ ಕೊನೆಯ ದಾರಿ. ಅದು ಹಿಂಭಾಗ ಮಾತ್ರ ಇಳಿಸುತ್ತದೆ, ಗ್ರೌಂಡ್ ಕ್ಲಿಯರೆನ್ಸ್ ತಿನ್ನುತ್ತದೆ, ಹ್ಯಾಂಡಲ್ ಮಂದವಾಗುತ್ತದೆ. ಫೋರ್ಕನ್ನೂ (ಮುಂಚಕ್ರ ಹಿಡಿದಿರುವ ಜೋಡಿ ಕೊಳವೆ) ಅದಕ್ಕೆ ತಕ್ಕಂತೆ ಕ್ಲ್ಯಾಂಪಿನಲ್ಲಿ ಮೇಲೇರಿಸಬೇಕು. ಸೈಡ್ ಸ್ಟ್ಯಾಂಡನ್ನು ಕತ್ತರಿಸಿ ಮೋಟು ಮಾಡಿಸದಿದ್ದರೆ ನಿಲ್ಲಿಸಿದ ಗಾಡಿ ನೆಟ್ಟಗೆ ನಿಂತು, ಗಾಳಿಗೆ ಬಲಕ್ಕೆ ಮಲಗುತ್ತದೆ.

ಚಕ್ರ ಮತ್ತು ಟೈರು

ಮುಂಚಕ್ರ 21 ಇಂಚಿದ್ದರೆ ಕಲ್ಲು, ಬೇರು, ಗುಂಡಿಯ ಅಂಚು ಹತ್ತುವುದು ಸುಲಭ. 19 ಇಂಚು ಘಾಟಿಯ ತಿರುವುಗಳಲ್ಲಿ ಚುರುಕು. 17 ಇಂಚಿನ ಮುಂಚಕ್ರವಿದ್ದರೆ ಅದು ಎತ್ತರದ ರಸ್ತೆ ಬೈಕೇ ಹೊರತು ಡ್ಯುಯಲ್-ಸ್ಪೋರ್ಟ್ ಅಲ್ಲ. ಒಂದೇ ಹೆಸರಿನ ಗಾಡಿಯಲ್ಲೂ ವ್ಯತ್ಯಾಸವಿರುತ್ತದೆ: 390 ಅಡ್ವೆಂಚರ್‌ಗೆ 21 ಇಂಚಿನ ಸ್ಪೋಕ್ ಚಕ್ರ, ಅದರ ಎಕ್ಸ್ ಮಾದರಿಗೆ 19ರ ಅಲಾಯ್. ಬುಕಿಂಗ್ ರಸೀದಿಯಲ್ಲಿ ಮಾದರಿಯ ಪೂರ್ತಿ ಹೆಸರು ಬರೆಸಿಕೊಳ್ಳಿ.

ಅಲಾಯ್ ಚಕ್ರ ಕಲ್ಲಿಗೆ ಬಡಿದರೆ ಸೀಳುತ್ತದೆ. ಸ್ಪೋಕ್ ಚಕ್ರ ಬಾಗುತ್ತದೆ, ಬಾಗಿದ್ದನ್ನು ತಿದ್ದಿಸಬಹುದು. ಆದರೆ ಸಾದಾ ಸ್ಪೋಕ್ ಚಕ್ರಕ್ಕೆ ಟ್ಯೂಬ್ ಬೇಕು. ಟ್ರಾನ್ಸಾಲ್ಪ್, ವಿ-ಸ್ಟ್ರಾಮ್ 800ಡಿಇ ಎರಡೂ ಟ್ಯೂಬಿನವೇ. ಹಿಮಾಲಯನ್‌ಗೆ ಟ್ಯೂಬ್‌ಲೆಸ್ ಸ್ಪೋಕ್ ಆಯ್ಕೆ ಆಮೇಲೆ ಬಂತು. ಟೈಗರ್ ರ‍್ಯಾಲಿ ಪ್ರೊಗೆ ಮೊದಲಿಂದಲೂ ಟ್ಯೂಬ್‌ಲೆಸ್ ಸ್ಪೋಕ್. ಟ್ಯೂಬಿನ ಗಾಡಿ ತೆಗೆದುಕೊಂಡರೆ ಮುಂದಿನ, ಹಿಂದಿನ ಎರಡು ಟ್ಯೂಬ್, ಎರಡು ಟೈರ್ ಲೀವರ್, ಆಕ್ಸಲ್ ನಟ್ಟಿಗೆ ಸರಿಹೊಂದುವ ಸ್ಪ್ಯಾನರ್, ಪಂಪು ಸದಾ ಜೊತೆಗಿರಬೇಕು. ಘಾಟಿಯಲ್ಲಿರುವ ಪಂಕ್ಚರ್ ಅಂಗಡಿಯವರು 21 ಇಂಚಿನ ಟ್ಯೂಬ್ ಇಟ್ಟಿರುವುದಿಲ್ಲ. ಮನೆಯ ಅಂಗಳದಲ್ಲಿ ಒಮ್ಮೆ ನೀವೇ ಹಿಂಚಕ್ರ ಬಿಚ್ಚಿ, ಟ್ಯೂಬ್ ಬದಲಿಸಿ ನೋಡಿ. ಮೂರನೆಯ ಸಲ ಟೈರ್ ಲೀವರ್ ಹೊಸ ಟ್ಯೂಬನ್ನೇ ಕಚ್ಚಿದಾಗ ಟ್ಯೂಬ್‌ಲೆಸ್‌ಗೆ ಜನ ಯಾಕೆ ಹೆಚ್ಚು ದುಡ್ಡು ಕೊಡುತ್ತಾರೆಂದು ತಿಳಿಯುತ್ತದೆ.

ಗಾಳಿಯ ಒತ್ತಡ: ರಸ್ತೆಯಲ್ಲಿ ಗಾಡಿಯ ಮೇಲಿನ ಸ್ಟಿಕ್ಕರ್ ಹೇಳಿದಷ್ಟು. ಜಲ್ಲಿ ದಾರಿಗೆ 25–28 ಪಿಎಸ್ಐ. ಕೆಸರು, ಮರಳಿಗೆ 20–22, ವೇಗ ಕಡಿಮೆ. ಟ್ಯೂಬಿನ ಟೈರಿನಲ್ಲಿ ಅದಕ್ಕಿಂತ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಡಾಂಬರಿಗೆ ಮರಳಿದ ಕೂಡಲೇ ಗಾಳಿ ತುಂಬಿಸಿ. 12 ವೋಲ್ಟಿನ ಸಣ್ಣ ಪಂಪು ಇದಕ್ಕಾಗಿ. ಶೋರೂಮಿನಿಂದ ಬರುವ ಟೈರುಗಳು ಸಾಮಾನ್ಯವಾಗಿ ಮುಕ್ಕಾಲು ಪಾಲು ರಸ್ತೆಗೆಂದೇ ಮಾಡಿದವು. ಮಳೆಗಾಲದ ಕೆಸರಿಗೆ ಹೋಗುವ ಇರಾದೆಯಿದ್ದರೆ ಮೊದಲ ದುಡ್ಡು ಟೈರಿಗೇ ಹಾಕಿ, ಸೈಲೆನ್ಸರಿಗಲ್ಲ.

ಸಸ್ಪೆನ್ಷನ್

ಟ್ರಾವೆಲ್ (ಚಕ್ರ ಮೇಲೆ-ಕೆಳಗೆ ಆಡುವ ದೂರ) 200 ಮಿ.ಮೀ. ಇದ್ದರೆ ಗುಂಡಿ, ಜಲ್ಲಿ, ಕಚ್ಚಾ ರಸ್ತೆಗೆಲ್ಲ ಸಾಕು. ಹಿಮಾಲಯನ್‌ಗೆ ಮುಂದೆ ಹಿಂದೆ ಎರಡೂ 200, ವಿ-ಸ್ಟ್ರಾಮ್ 800ಡಿಇಗೆ 220, ಟೈಗರ್ ರ‍್ಯಾಲಿ ಪ್ರೊಗೆ 240 ಮತ್ತು 230. ಅಂಕಿಯಷ್ಟೇ ಮುಖ್ಯ ಹೊಂದಿಕೆಯ ಸೌಲಭ್ಯ. ಹಿಮಾಲಯನ್‌ನಲ್ಲಿ ಹಿಂದಿನ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ) ಬಿಟ್ಟರೆ ಬೇರೇನೂ ತಿರುಗಿಸಲಾಗದು. 390 ಅಡ್ವೆಂಚರ್‌ನ ಫೋರ್ಕಿನಲ್ಲಿ ಕಂಪ್ರೆಷನ್ (ಕುಸಿಯುವ ವೇಗ), ರೀಬೌಂಡ್ (ಮರಳಿ ಏಳುವ ವೇಗ) ಎರಡನ್ನೂ ಬೆರಳಲ್ಲೇ ಬದಲಿಸಬಹುದು.

ಯಾವುದೇ ಗಾಡಿ ಮನೆಗೆ ಬಂದ ಮೊದಲ ವಾರ ಸ್ಯಾಗ್, ಅಂದರೆ ನೀವು ಕೂತಾಗ ಸಸ್ಪೆನ್ಷನ್ ಎಷ್ಟು ಕುಸಿಯುತ್ತದೆಂದು, ಅಳೆಯಿರಿ. ಬೇಕಾದದ್ದು ಟೇಪು, ಒಬ್ಬ ಸಹಾಯಕ, ಅರ್ಧ ಗಂಟೆ.

1. ಹಿಂಚಕ್ರ ನೆಲ ಬಿಟ್ಟು ನೇತಾಡುವಂತೆ ಗಾಡಿ ನಿಲ್ಲಿಸಿ. ಆಕ್ಸಲ್‌ನಿಂದ ನೇರ ಮೇಲಿರುವ ಬಾಲದ ಒಂದು ಬಿಂದುವಿಗೆ ಟೇಪು ಹಿಡಿದು ಅಳೆಯಿರಿ. ಆ ಬಿಂದುವಿಗೆ ಗುರುತು ಅಂಟಿಸಿ.
2. ಗಾಡಿ ನೆಲಕ್ಕಿಳಿಸಿ. ಹೆಲ್ಮೆಟ್, ಬೂಟು, ಜಾಕೆಟ್ ಸಮೇತ ಕೂತು ಎರಡೂ ಕಾಲು ಫುಟ್‌ಪೆಗ್ ಮೇಲಿಡಿ. ಸಹಾಯಕರು ಮುಂದಿನಿಂದ ಹ್ಯಾಂಡಲ್ ಹಿಡಿದಿರಲಿ. ಒಂದೆರಡು ಸಲ ಕುಲುಕಿ, ನಿಂತ ಮೇಲೆ ಮತ್ತೆ ಅದೇ ಎರಡು ಬಿಂದುಗಳ ನಡುವೆ ಅಳೆಸಿ.
3. ಮೊದಲ ಅಳತೆಯಿಂದ ಎರಡನೆಯದನ್ನು ಕಳೆಯಿರಿ. ಒಟ್ಟು ಟ್ರಾವೆಲ್‌ನ ಶೇಕಡ 30 ಬರಬೇಕು, 200 ಮಿ.ಮೀ.ಗೆ ಸುಮಾರು 60. 70 ದಾಟಿದರೆ ಪ್ರೀಲೋಡ್ ಬಿಗಿ ಮಾಡಿ, 50ಕ್ಕಿಂತ ಕಡಿಮೆಯಾದರೆ ಸಡಿಲಿಸಿ.

ಪ್ರೀಲೋಡ್ ಕೊನೆಯವರೆಗೆ ಬಿಗಿದ ಮೇಲೂ 75–80 ಮಿ.ಮೀ. ಕುಸಿಯುತ್ತಿದ್ದರೆ ಸ್ಪ್ರಿಂಗೇ ನಿಮ್ಮ ತೂಕಕ್ಕೆ ಮೆತ್ತಗೆ. ಸ್ಪ್ರಿಂಗ್ ಬದಲಿಸದೆ ಬೇರೆ ಮದ್ದಿಲ್ಲ. 90 ಕೆಜಿ ಮೇಲಿನವರು, ಹಿಂದೆ ಜೊತೆಗಾರರನ್ನೂ ಲಗೇಜನ್ನೂ ಹೊರುವವರು ಈ ಖರ್ಚನ್ನು ಮೊದಲೇ ಲೆಕ್ಕದಲ್ಲಿಡುವುದು ಒಳ್ಳೆಯದು.

ಸಸ್ಪೆನ್ಷನ್ ಉದ್ದವಿರುವ ಗಾಡಿಯ ಚೈನ್ ರಸ್ತೆ ಬೈಕಿಗಿಂತ ಸಡಿಲವಿರಬೇಕು. ಹಿಂಚಕ್ರ ಮೇಲಕ್ಕೆ ಹೋದಂತೆ ಸ್ವಿಂಗ್‌ಆರ್ಮ್ (ಆ ಚಕ್ರ ಹಿಡಿದಿರುವ ತೋಳು) ನೆಟ್ಟಗಾಗಿ ಚೈನ್ ಬಿಗಿಯುತ್ತದೆ. ನಿಂತಾಗಲೇ ಬಿಗಿಯಿದ್ದರೆ ಗುಂಡಿಗೆ ಬಿದ್ದಾಗ ಗೇರ್‌ಬಾಕ್ಸಿನ ಶಾಫ್ಟ್ ಬೇರಿಂಗು ಆ ಏಟು ತಿನ್ನುತ್ತದೆ. ಮಾಮೂಲಿ ಗ್ಯಾರೇಜಿನಲ್ಲಿ ಅಭ್ಯಾಸಬಲದಿಂದ ಬಿಗಿದು ಕೊಡುತ್ತಾರೆ. ಸ್ವಿಂಗ್‌ಆರ್ಮಿನ ಮೇಲಿನ ಅಳತೆ ತೋರಿಸಿ ಹೇಳಿ.

ಎಲೆಕ್ಟ್ರಾನಿಕ್ಸ್

ಕೇಳಬೇಕಾದದ್ದು ಮೂರೇ. ಹಿಂದಿನ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಬಹುದೇ? ಹಿಂಚಕ್ರ ಸುಮ್ಮನೆ ಗಿರಗಿರ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಪೂರ್ತಿ ಆಫ್ ಆಗುತ್ತದೆಯೇ? ಕೀ ಆಫ್ ಮಾಡಿ ಆನ್ ಮಾಡಿದರೆ ಆ ಸೆಟ್ಟಿಂಗ್ ಉಳಿಯುತ್ತದೆಯೇ? ಜಾರು ಇಳಿಜಾರಿನಲ್ಲಿ ಎಬಿಎಸ್ ಹಿಂಚಕ್ರವನ್ನು ಲಾಕ್ ಆಗಲು ಬಿಡದಿದ್ದರೆ ಗಾಡಿ ನಿಲ್ಲುವುದಿಲ್ಲ, ಸುಮ್ಮನೆ ಇಳಿಯುತ್ತಲೇ ಇರುತ್ತದೆ. ಏರಿನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಇಂಜಿನ್ ಕತ್ತು ಹಿಸುಕಿದರೆ ಅರ್ಧದಲ್ಲೇ ನಿಂತು ಹಿಂದಕ್ಕೆ ಜಾರುತ್ತೀರಿ. ಮುಂದಿನ ಎಬಿಎಸ್ ಮಾತ್ರ ಆನ್ ಇರಲಿ. ಉಳಿದ ಬಣ್ಣದ ಪರದೆ, ಮ್ಯಾಪು ಎಲ್ಲ ಸರಿ, ಆದರೆ ಕೈಗವಸು ಹಾಕಿ, ಮಳೆಯಲ್ಲಿ ಆ ಬಟನ್ ಒತ್ತಲು ಬರುತ್ತದೆಯೇ ನೋಡಿ.

ಇಂಜಿನ್, ಗೇರು, ಬಿಸಿ

ಮಣ್ಣಿನಲ್ಲಿ ಬೇಕಾದದ್ದು ನಡಿಗೆಯ ವೇಗದಲ್ಲಿ ಕ್ಲಚ್ ಹಿಡಿಯದೆ ಹೋಗುವ ತಾಳ್ಮೆಯ ಇಂಜಿನ್. ದೊಡ್ಡ ಗಾಡಿಗಳಲ್ಲಿ ಮೊದಲ ಗೇರು ಉದ್ದವಿರುತ್ತದೆ, ಅಂದರೆ ಕ್ಲಚ್ ಬಿಟ್ಟರೆ ನಡಿಗೆಗಿಂತ ವೇಗವಾಗಿಯೇ ಓಡುತ್ತದೆ. ಕಲ್ಲಿನ ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲೇ ಎಳೆದರೆ ಪ್ಲೇಟುಗಳು ಸುಟ್ಟ ವಾಸನೆ ಬರುತ್ತದೆ. ಇದಕ್ಕೆ ಅಗ್ಗದ ಪರಿಹಾರ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಮ್ಮಿ ಮಾಡುವುದು: 15ರ ಜಾಗದಲ್ಲಿ 14 ಹಾಕಿದರೆ ಎಳೆತ ಸುಮಾರು ಶೇಕಡ 7 ಹೆಚ್ಚುತ್ತದೆ. ಹೆದ್ದಾರಿಯಲ್ಲಿ ಆರ್‌ಪಿಎಂ ಕೂಡ ಅಷ್ಟೇ ಏರುತ್ತದೆ, ಮೈಲೇಜು ಸ್ವಲ್ಪ ಇಳಿಯುತ್ತದೆ.

ಸಿಲ್ಕ್ ಬೋರ್ಡ್‌ನಲ್ಲಿ ಮುಕ್ಕಾಲು ಗಂಟೆ ನಿಂತು ಕಚೇರಿಗೆ ಹೋಗುವವರಿಗೆ ಬಿಸಿಯ ವಿಷಯ ದೊಡ್ಡದು. ಟೆಸ್ಟ್ ರೈಡನ್ನು ಬೆಳಗಿನ ತಂಪಿನಲ್ಲಿ ಕೊಡುತ್ತಾರೆ. ಮಧ್ಯಾಹ್ನ ಎರಡಕ್ಕೆ ಕೇಳಿ. ರೇಡಿಯೇಟರ್ ಫ್ಯಾನು ತಿರುಗಿದಾಗ ಆ ಬಿಸಿಗಾಳಿ ಯಾವ ತೊಡೆಗೆ ಬಡಿಯುತ್ತದೆಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಟೆಸ್ಟ್ ರೈಡ್‌ನಲ್ಲಿ

ಸುತ್ತು ಹಾಕಿ ಬರುವುದರಿಂದ ಏನೂ ತಿಳಿಯದು. ಖಾಲಿ ಜಾಗದಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿ ಎರಡೂ ಬದಿಗೆ ಎಂಟಂಕಿ ಹಾಕಿ. ಫುಟ್‌ಪೆಗ್ ಮೇಲೆ ಎದ್ದು ನಿಂತು ಒಂದು ಕಿಲೋಮೀಟರ್ ಓಡಿಸಿ: ಬೆನ್ನು ಬಾಗದೆ, ಕೈ ಸಡಿಲವಾಗಿ ಹ್ಯಾಂಡಲ್ ಸಿಗಬೇಕು, ಮಂಡಿಗಳ ನಡುವೆ ಟ್ಯಾಂಕು ಹಿಡಿಗೆ ಬರಬೇಕು. ಎತ್ತರದವರಿಗೆ ಹ್ಯಾಂಡಲನ್ನು 20–30 ಮಿ.ಮೀ. ಎತ್ತರಿಸುವ ರೈಸರ್ ಬೇಕಾಗಬಹುದು, ಹಾಕಿಸಿದ ಮೇಲೆ ಹ್ಯಾಂಡಲ್ ಎರಡು ಕೊನೆಗೂ ತಿರುಗಿಸಿ ಬ್ರೇಕ್ ಹೋಸ್, ವೈರು ಎಳೆಯುತ್ತಿಲ್ಲವೇ ನೋಡಿ. ರಸ್ತೆ ಪಕ್ಕದ ಜಲ್ಲಿಯ ಮೇಲೆ ಹಿಂದಿನ ಬ್ರೇಕ್ ಒತ್ತಿ ಜಾರುವಿಕೆ ಹೇಗಿದೆ ಗಮನಿಸಿ. ಕೊನೆಗೆ ಇಂಜಿನ್ ಆಫ್ ಮಾಡಿ, ಗಾಡಿಯನ್ನು ತಳ್ಳಿಕೊಂಡು ಹಿಮ್ಮುಖವಾಗಿ ಪಾರ್ಕಿಂಗಿಗೆ ಹಾಕಿ. ಅಪಾರ್ಟ್‌ಮೆಂಟಿನ ಇಳಿಜಾರು ಬೇಸ್‌ಮೆಂಟಿನಲ್ಲಿ ದಿನಾ ಮಾಡಬೇಕಾದ ಕೆಲಸ ಅದೇ.

ಹಳೆಯ ಗಾಡಿ ಕೊಳ್ಳುವವರಿಗೆ

ದೊಡ್ಡ ಗಾಡಿಗಳು ಬಹಳಷ್ಟು ಕಡಿಮೆ ಓಡಿ ಮಾರಾಟಕ್ಕೆ ಬರುತ್ತವೆ, ವ್ಯಾಪಾರ ಲಾಭದ್ದೇ. ಆದರೆ ಮೀಟರ್ ನೋಡುವ ಮೊದಲು ಕೆಳಗೆ ಮಲಗಿ ಬ್ಯಾಶ್ ಪ್ಲೇಟ್ ನೋಡಿ. ಆಳವಾದ ಗಾಯವಿದ್ದರೆ ಅದರ ಹಿಂದಿನ ಆಯಿಲ್ ಫಿಲ್ಟರ್, ಸೈಲೆನ್ಸರ್ ಪೈಪನ್ನೂ ನೋಡಬೇಕು. ಸ್ಪ್ಯಾನರ್‌ನಿಂದ ಒಂದೊಂದೇ ಸ್ಪೋಕನ್ನು ಮೆಲ್ಲಗೆ ಬಡಿಯಿರಿ: ಬಿಗಿಯಿದ್ದರೆ ಠಣ್ ಎನ್ನುತ್ತದೆ, ಸಡಿಲವಿದ್ದರೆ ಡಬ್ ಎನ್ನುತ್ತದೆ. ಮುಂಚಕ್ರ ಎತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿದಾಗ ನಡುವೆ ಕಚ್ಚಿದಂತಾದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಫೋರ್ಕಿನ ಕಾಲಿನ ಮೇಲೆ ಎಣ್ಣೆಯ ಉಂಗುರವಿದ್ದರೆ ಸೀಲ್ ಸೋರುತ್ತಿದೆ. ಏರ್ ಫಿಲ್ಟರ್ ಪೆಟ್ಟಿಗೆ ಬಿಚ್ಚಿಸಿ, ಫಿಲ್ಟರಿನ ಒಳಬದಿಗೆ ಬೆರಳಾಡಿಸಿ. ಅಲ್ಲಿ ಕೆಂಪು ಧೂಳು ಸಿಕ್ಕರೆ ಅದು ಇಂಜಿನ್ನಿನೊಳಗೂ ಹೋಗಿದೆ, ಆ ಗಾಡಿ ಬಿಟ್ಟುಬಿಡಿ. ಬೇರೆ ರಾಜ್ಯದ ನೋಂದಣಿಯಾದರೆ ಎನ್‌ಒಸಿಯ ಜೊತೆ ಇಲ್ಲಿಯ ಆಜೀವ ತೆರಿಗೆಯನ್ನೂ ಬೆಲೆಗೆ ಸೇರಿಸಿ ನೋಡಿ. ಅದು ಸಣ್ಣ ಮೊತ್ತವಲ್ಲ.

ಖರ್ಚಿನ ಸರದಿ

2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೇಲಿನ ಬೈಕ್‌ಗಳಿಗೆ ಜಿಎಸ್‌ಟಿ ಶೇಕಡ 40, ಅದರೊಳಗಿನವಕ್ಕೆ 18. ಎಕ್ಸ್‌ಪಲ್ಸ್‌ನಂಥ ಗಾಡಿಗೂ 400–450 ಸಿಸಿಯವಕ್ಕೂ ನಡುವಿನ ಅಂತರ ಇದರಿಂದ ಇನ್ನಷ್ಟು ಹಿಗ್ಗಿದೆ. ಬಜೆಟ್ಟಿನಲ್ಲಿ ಎಲ್ಲವನ್ನೂ ಗಾಡಿಗೇ ಸುರಿಯಬೇಡಿ. ಮಂಡಿಯವರೆಗೆ ಬರುವ ಗಟ್ಟಿ ಬೂಟು, ಮಂಡಿ ಕವಚ, ಗಾಳಿಯಾಡುವ ಹೆಲ್ಮೆಟ್ ಮೊದಲು. 200 ಕೆಜಿಯ ಗಾಡಿ ಪಾದದ ಮೇಲೆ ಮಲಗಿದಾಗ ಕ್ಯಾನ್ವಾಸ್ ಶೂ ಏನೂ ಮಾಡದು. ಗಾಡಿಗೆ ಲೋಹದ ಬ್ಯಾಶ್ ಪ್ಲೇಟ್, ಒಳಗೆ ಅಲ್ಯೂಮಿನಿಯಂ ಪಟ್ಟಿಯಿರುವ ಹ್ಯಾಂಡ್‌ಗಾರ್ಡ್, ರೇಡಿಯೇಟರ್ ಗಾರ್ಡ್ ಸಾಕು. ಕ್ಲಚ್, ಬ್ರೇಕ್ ಲೀವರಿನ ಕ್ಲ್ಯಾಂಪನ್ನು ಅತಿಯಾಗಿ ಬಿಗಿಯಬೇಡಿ, ಬಿದ್ದಾಗ ಅದು ತಿರುಗಬೇಕು. ಬಿಗಿದಿದ್ದರೆ ಲೀವರ್ ಮುರಿಯುತ್ತದೆ. ಮಣ್ಣಿನ ದಾರಿಗೆ ಲೋಹದ ಪೆಟ್ಟಿಗೆ ಬೇಡ. ಕಾಲು ಊರಿದಾಗ ಗಾಡಿ ಮುಂದೆ ಸರಿದರೆ ಮೀನಖಂಡ ಪೆಟ್ಟಿಗೆಯಡಿ ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ಸ್ಯಾಡಲ್ ಬ್ಯಾಗ್ ಮೇಲು.

ಉಳಿದ ದುಡ್ಡಿನಲ್ಲಿ ಎರಡು ದಿನದ ತರಬೇತಿಗೆ ಹೋಗಿ. ಡಾಕಾರ್ ರ‍್ಯಾಲಿ ಓಡಿಸಿದ ಸಿ.ಎಸ್. ಸಂತೋಷ್ ಅವರ ಬಿಗ್ ರಾಕ್ ಡರ್ಟ್‌ಪಾರ್ಕ್ ಬೆಂಗಳೂರಿನಿಂದ ಹೋಗಿಬರುವಷ್ಟು ಹತ್ತಿರದಲ್ಲಿದೆ. ಅಲ್ಲಿ ಸಣ್ಣ ಗಾಡಿಗಳ ಮೇಲೆ ಬಿದ್ದು ಕಲಿತರೆ ನಿಮ್ಮ ಗಾಡಿಯ ಟ್ಯಾಂಕು ಉಳಿಯುತ್ತದೆ. ಆಮೇಲಿನ ಅಭ್ಯಾಸಕ್ಕೆ ಬೇಸಿಗೆಯ ಒಣ ಕೆರೆಯಂಗಳ, ಮಾಲೀಕರ ಒಪ್ಪಿಗೆ ಪಡೆದ ಬೀಳು ಜಮೀನು ನೋಡಿಕೊಳ್ಳಿ. ಪಶ್ಚಿಮ ಘಟ್ಟದ ಹುಲ್ಲುಗಾವಲಿಗೆ, ಮೀಸಲು ಅರಣ್ಯಕ್ಕೆ ಗಾಡಿ ನುಗ್ಗಿಸುವುದು ಅಪರಾಧ. ಟೈರಿನ ಸಾಲು ಬಿದ್ದಲ್ಲಿ ಮುಂದಿನ ಮಳೆಗೆ ಕೊರಕಲು ಶುರುವಾಗುತ್ತದೆ.